ಇಟ್ಟಿಗೆ ಅಂಗಳಕ್ಕೆ ಬ್ಲೇಡು ಕಟ್ಟಿದ ಅಕ್ಕ

ವೆಲ್ಡಿಂಗ್ ಅಂಗಡಿಯವನಿಗೆ ಒಡಹುಟ್ಟಿದವಳೆಂದರೆ ಅಕ್ಕ ಒಬ್ಬಳೇ. ಅವನಿಗೆ ಬುದ್ಧಿ ಬಂದಾಗಿನಿಂದ ನೋಡುತ್ತಿದ್ದಾನೆ, ಡೊಂಕು ಕಂಡರೆ ಅವಳಿಗೆ ಮೈ ಪರಚಿಕೊಳ್ಳುವಂತಾಗುತ್ತದೆ. ನೆಂಟರ ಮನೆಗೆ ಹೋದರೂ ಅಷ್ಟೆ, ಕುಶಲ ಕೇಳುವ ಮೊದಲು ಗೋಡೆಯ ಕನ್ನಡಿಯನ್ನು ನೆಟ್ಟಗೆ ಮಾಡಿ ಆಮೇಲೆ ಕೂರುವಳು. "ಇವಳನ್ನ ಕಟ್ಕೊಳ್ಳೋನ ಬೈತಲೆ ದಿನಾ ತಪಾಸಣೆ ಆಗತ್ತೆ" ಎಂದು ತಾಯಿ ನಗುತ್ತಿದ್ದರು. ಕಟ್ಟಿಕೊಂಡವನು ಆಸ್ಪತ್ರೆಯಲ್ಲಿ ರೋಗಿಗಳ ಮಂಚ ತಳ್ಳುವ ಕೆಲಸದ ಸಾಧು ಮನುಷ್ಯ. ಬೈತಲೆ ತೆಗೆಯುವಷ್ಟು ಕೂದಲೇ ಇರಲಿಲ್ಲವಾಗಿ ಬಚಾವಾದ.

ತಂದೆಯ ಟ್ರ್ಯಾಕ್ಟರು ಅವಳ ಪಾಲಿಗೆ ಬಂದದ್ದು ಯಾರೋ ಕೂತು ತೀರ್ಮಾನ ಮಾಡಿದ್ದರಿಂದಲ್ಲ. ಕಣ್ಣು ಮಂಜಾಗುತ್ತಿದ್ದ ಕಾಲದಲ್ಲಿ ತಂದೆ ಒಮ್ಮೆ ಮರಳು ತುಂಬಿದ ಟ್ರೇಲರನ್ನು ಹಿಮ್ಮುಖವಾಗಿ ಗೇಟಿನೊಳಗೆ ಬಿಡಲು ತಿಣುಕುತ್ತಿದ್ದರು. ಅವಳು "ಸ್ವಲ್ಪ ಇಳೀರಿ ಅಪ್ಪ" ಎಂದು ಹತ್ತಿ ಕೂತಳು. ಹತ್ತಿದವಳು ಮತ್ತೆ ಇಳಿಯಲಿಲ್ಲ. ತಮ್ಮನಿಗೆ ಬೆಂಕಿಯ ಹುಚ್ಚು, ಅಕ್ಕನಿಗೆ ಗಾಲಿಯ ಹುಚ್ಚು. ಅವಳು ಮುರಿದು ತಂದದ್ದನ್ನು ಅವನು ಬೆಸೆದು ಕೊಡುವುದು, ಅವನು ಬೆಸೆದದ್ದರಲ್ಲಿ ಅವಳು ಹುಳುಕು ಹುಡುಕುವುದು, ಹೀಗೆ ವರ್ಷಗಳು ನಡೆದವು.

ಮರಳು ಹೊರುವ ಕೆಲಸಕ್ಕೆ ಲಾರಿಗಳು ಬಂದ ಮೇಲೆ ಅವಳು ಎಲ್ಲಿಂದಲೋ ಒಂದು ಹಳೆಯ ಬ್ಲೇಡು ತಂದು ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಸಿದಳು. ಅಡ್ಡಲಾಗಿ ನಿಂತ ಉದ್ದನೆಯ ಕಬ್ಬಿಣದ ಹಲಗೆ ಅದು. ಎಳೆದರೆ ಉಬ್ಬಿದ್ದ ಮಣ್ಣನ್ನು ಹೆರೆದು ತಗ್ಗಿಗೆ ತುಂಬಬೇಕು. ಮನೆಯ ಮುಂದಿನ ಜಾಗ, ಕಾಲುದಾರಿ ಎಂದು ಸಣ್ಣಪುಟ್ಟ ಕೆಲಸ ಸಿಕ್ಕವು. ಆಮೇಲೆ ಇಟ್ಟಿಗೆ ಗೂಡಿನ ಯಜಮಾನ ಕರೆದ.

ಅಚ್ಚಿನಿಂದ ತೆಗೆದ ಹಸಿ ಇಟ್ಟಿಗೆಯನ್ನು ಬಿಸಿಲಿಗೆ ಹಾಸುವ ಅಂಗಳ ಅವನದು, ದೊಡ್ಡದು. ನೆಲ ಏರುತಗ್ಗಾದರೆ ಇಟ್ಟಿಗೆ ಬಾಗಿಕೊಂಡೇ ಒಣಗುತ್ತದೆ, ಗೋಡೆಗೆ ಕೂರುವುದಿಲ್ಲ. ಅಕ್ಕ ಬೆಳಗಿನಿಂದ ಎಳೆದಳು. ಮಧ್ಯಾಹ್ನ ಯಜಮಾನ ಬಂದು ಒಂದು ಉದ್ದನೆಯ ಮರದ ಹಲಗೆಯನ್ನು ನೆಲದ ಮೇಲಿಟ್ಟ. ಹಲಗೆಯ ಕೆಳಗೆ ಇಲಿ ಸಂಸಾರ ಹೂಡುವಷ್ಟು ಜಾಗವಿತ್ತು.

"ಕೆಲಸ ಚೆನ್ನಾಗಿದೆ ಅಕ್ಕಾ," ಎಂದ. "ಇದು ಕೆರೆಯಾಗಿದ್ದಿದ್ರೆ ಇನ್ನೂ ಚೆನ್ನಾಗಿರೋದು. ಅಲೆ ನೋಡಿ, ಆ ತುದಿಯಿಂದ ಈ ತುದಿವರೆಗೆ ಹೊಡೀತಿದೆ."

ಇಟ್ಟಿಗೆ ಹಾಸುವ ಹೆಂಗಸರಲ್ಲಿ ಹಿರಿಯಳು, ಮೊಣಕೈವರೆಗೆ ಕೆಸರಾಗಿದ್ದವಳು, ಬಾಯಿಗೆ ಬೀಗ ಹಾಕಿ ಅಭ್ಯಾಸವಿಲ್ಲದವಳು. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ನಮಗೆ ನೆಲಾನೇ ಡೊಂಕು. ನಾವು ಯಾರಿಗೆ ಹೇಳೋಣ?" ಎಂದಳು. ಸುತ್ತಲಿನವರು ನಕ್ಕರು.

ಅಕ್ಕ ಮತ್ತೆರಡು ಸಲ ಎಳೆದಳು. ಎಳೆದಷ್ಟೂ ಅಲೆ ಎದ್ದವೇ ಹೊರತು ಇಳಿಯಲಿಲ್ಲ. "ಸದ್ಯಕ್ಕೆ ಇಲ್ಲಿ ಇಟ್ಟಿಗೆ ಹಾಸಿಸಬೇಡಿ. ಸರಿ ಮಾಡ್ಕೊಂಡು ಬರ್ತೀನಿ" ಎಂದು ಹೇಳಿ ಟ್ರ್ಯಾಕ್ಟರನ್ನು ನೇರ ತಮ್ಮನ ಅಂಗಡಿಗೆ ತಂದು ನಿಲ್ಲಿಸಿದಳು.

ತಗಡಿನ ಚಾವಣಿಯ ಅಂಗಡಿ, ಒಳಗೆ ಸುಟ್ಟ ಬಣ್ಣದ ವಾಸನೆ, ಒಂದು ಮೂಲೆಯಲ್ಲಿ ಗುಜರಿ ಕಬ್ಬಿಣದ ಗುಡ್ಡೆ. ಬ್ಲೇಡನ್ನು ತಮ್ಮ ಒಮ್ಮೆ ಒದ್ದು ನೋಡಿ ರೋಗ ಹೇಳಿಬಿಟ್ಟ: "ತೂಕ ಸಾಲದು. ಹಗುರ ಇದ್ದಿದ್ದಕ್ಕೇ ಕುಣೀತಿದೆ."

ಹಳೆಯ ಗಿಯರು ಚಕ್ರ, ಕಾಂಕ್ರೀಟಿನ ತುಂಡು ಎಲ್ಲವನ್ನೂ ಬ್ಲೇಡಿನ ಮೇಲೆ ಬಿಗಿದು ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ ಎಳೆದರು. ಬ್ಲೇಡು ನೆಲದಲ್ಲಿ ಹೂತು, ಟ್ರ್ಯಾಕ್ಟರು ಗುರುಗುಟ್ಟಿ ನಿಂತಿತು.

"ಹುತ್ತ ಬಡಿದ್ರೆ ಹಾವು ಸಾಯತ್ತೇನೋ?" ಎಂದಳು ಅಕ್ಕ ಇಳಿಯುತ್ತ. "ತೂಕ ಬಿಚ್ಚು. ನೀನು ಓಡಿಸು, ನಾನು ಪಕ್ಕದಲ್ಲಿ ನಡೀತೀನಿ. ನಿಧಾನ."

ಅವನು ಓಡಿಸಿದ. ಅವಳು ಸೊಂಟ ಬಗ್ಗಿಸಿ, ಮಂಡಿಯ ಮೇಲೆ ಕೈಯಿಟ್ಟುಕೊಂಡು ಬ್ಲೇಡಿನ ಜೊತೆ ಜೊತೆಗೇ ನಡೆದಳು. ಅವನು ತಿರುಗಿ ತಿರುಗಿ ನೋಡಿದರೆ, "ಮುಂದೆ ನೋಡೋ, ನನ್ನ ಮುಖದಲ್ಲೇನಿದೆ" ಎಂದು ಗದರಿದಳು. ಆಮೇಲೆ ಮುಂದಿನ ಗಾಲಿಗಳ ದಾರಿಯಲ್ಲಿ ಬೇಕೆಂದೇ ಒಂದು ದಿಮ್ಮಿ ಹಾಕಿ ಅದನ್ನು ಹತ್ತಿಸಿದಳು. ಟ್ರ್ಯಾಕ್ಟರಿನ ಮೂತಿ ಮೇಲೆದ್ದಿತು, ಅದೇ ಗಳಿಗೆಗೆ ಹಿಂದಿನ ಬ್ಲೇಡು ನೆಲಕ್ಕೆ ಕಚ್ಚಿತು. ಮೂತಿ ಇಳಿಯಿತು, ಬ್ಲೇಡು ಎದ್ದು ಮಣ್ಣನ್ನು ಹಾಗೇ ಬಿಟ್ಟಿತು.

"ನಿಲ್ಸು," ಎಂದಳು. ಬಾಗಿದ್ದ ಬೆನ್ನು ನೆಟ್ಟಗಾಯಿತು. "ತಲೆ ಎತ್ತಿದ್ರೆ ಬಾಲ ಬಗ್ಗತ್ತೆ. ಮುಂದಿನ ಗಾಲಿಗೆ ಸಿಕ್ಕಿದ ಉಬ್ಬನ್ನೆಲ್ಲ ಈ ಬ್ಲೇಡು ಹಿಂದೆ ಗುಂಡಿ ಮಾಡ್ತಿದೆ. ಆ ಗುಂಡೀಲಿ ಮುಂದಿನ ಸಲ ಗಾಲಿ ಬೀಳತ್ತೆ. ಅಲೆ ನಾನೇ ಬಿತ್ತಿ ನಾನೇ ಬೆಳೀತಿದ್ದೀನಿ."

ಟ್ರ್ಯಾಕ್ಟರಿನ ಕುಣಿತ ಬ್ಲೇಡಿಗೆ ಮುಟ್ಟಬಾರದು, ಇಷ್ಟೇ ಅವಳಿಗೆ ಬೇಕಾದದ್ದು. ಬ್ಲೇಡಿನ ಹಿಂದಕ್ಕೆ ಎರಡು ಉದ್ದನೆಯ ತೋಳು, ತೋಳಿನ ತುದಿಗೆ ಗಾಲಿ. ಆಗ ಬ್ಲೇಡಿನ ಎತ್ತರವನ್ನು ತೀರ್ಮಾನಿಸುವುದು ಅದೇ ಹೆರೆದು ಹಿಂದೆ ಬಿಟ್ಟ ನೆಲ, ಟ್ರ್ಯಾಕ್ಟರಿನ ಗಾಲಿಯಲ್ಲ. ಬ್ಲೇಡಿನ ಚೌಕಟ್ಟನ್ನು ಮೇಲಿನಿಂದ ಟ್ರ್ಯಾಕ್ಟರಿಗೆ ಬಿಗಿಹಿಡಿದಿದ್ದ ದಪ್ಪ ಕಂಬಿಯನ್ನು ಕಿತ್ತು, ಅದರ ಜಾಗಕ್ಕೆ ಸರಪಳಿ ಹಾಕು ಎಂದಳು.

"ಸರಪಳಿ ಎಳೆಯತ್ತೆ ಅಷ್ಟೆ, ತಳ್ಳಲ್ಲ ಅಕ್ಕ."

"ತಳ್ಳೋದು ಬೇಡ ಅಂತಲೇ ತಾನೆ ನಾನು ಬಡ್ಕೊಳ್ತಿರೋದು."

ಇಬ್ಬರ ಸ್ವರವೂ ಏರಿತು. ಅಂಗಡಿಗೆ ಅಂಟಿಕೊಂಡ ಮನೆಯಿಂದ ಚಹಾ ತಂದ ತಾಯಿ ಲೋಟಗಳನ್ನು ಬೆಂಚಿನ ಮೇಲಿಟ್ಟು, "ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತಂತೆ. ನಿಮ್ಮಲ್ಲಿ ಕೋಣ ಯಾರು ಅನ್ನೋದು ಮೊದಲು ಇತ್ಯರ್ಥ ಆಗ್ಲಿ" ಎಂದು ಒಳಗೆ ಹೋದರು. ಚಹಾ ಮುಗಿಯುವಷ್ಟರಲ್ಲಿ ತಮ್ಮ ಸೀಮೆಸುಣ್ಣ ಹಿಡಿದು ನೆಲದ ಮೇಲೆ ಚೌಕಟ್ಟಿನ ಚಿತ್ರ ಬರೆಯುತ್ತಿದ್ದ.

ಗುಜರಿಯಲ್ಲಿದ್ದ ತಳ್ಳುಗಾಡಿಯ ಗಾಲಿ ಹಾಕಿದರು. ನೇರ ಹೋಗುವಾಗ ನೆಲ ಹಾಸಿದಂತೆ ಬಂತು. ಮೊದಲ ತಿರುವಿನಲ್ಲೇ ಗಾಲಿಗಳು ಪಕ್ಕಕ್ಕೆ ಉಜ್ಜಿ, ತೋಳು ತಿರುಚಿ, ಗಾಲಿಯ ಕಡ್ಡಿಗಳು ಕಿತ್ತು ಬಂದವು. ಆ ದಿನ ಅಕ್ಕ ಊಟಕ್ಕೆ ಕೂತಾಗಲೂ ತಟ್ಟೆಯಲ್ಲಿ ಬೆರಳಿನಿಂದ ಗೆರೆ ಎಳೆಯುತ್ತಿದ್ದಳು. ಭಾವ ಅದನ್ನು ಸ್ವಲ್ಪ ಹೊತ್ತು ನೋಡಿ, ಅಂಜುತ್ತಲೇ ಹೇಳಿದ: "ಆಸ್ಪತ್ರೆ ಮಂಚದ ಗಾಲಿ ಹಾಗಲ್ಲ. ನಾನು ಯಾವ ಕಡೆ ತಳ್ಳಿದ್ರೂ ತಾನೇ ಆ ಕಡೆ ತಿರುಗತ್ತೆ."

ಅಕ್ಕ ಗಂಡನ ಮುಖವನ್ನು ಹೊಸದಾಗಿ ಕಂಡವಳಂತೆ ನೋಡಿದಳು. "ಇಷ್ಟು ದಿನ ಇದನ್ನ ಎಲ್ಲಿ ಬಚ್ಚಿಟ್ಕೊಂಡಿದ್ರಿ?"

"ಕೇಳಿರ್ಲಿಲ್ಲವಲ್ಲ," ಎಂದ ಭಾವ, ಊಟ ಮುಂದುವರಿಸುತ್ತ.

ಗಟ್ಟಿ ಗಾಲಿಗಳನ್ನು ತಮ್ಮ ಹುಡುಕಿ ತಂದು, ಹಳೆಯ ಆಕ್ಸಲಿನ ತುಂಡಿಗೆ ಬೇರಿಂಗು ಕೂರಿಸಿ, ಎಳೆದ ಕಡೆಗೆ ಅವು ತಾವಾಗಿ ತಿರುಗುವಂತೆ ಮಾಡಿದ. ಬ್ಲೇಡಿನ ಸವೆದಿದ್ದ ಅಂಚಿನ ಪಟ್ಟಿಯನ್ನು ಬಿಚ್ಚಿ ಮಗುಚಿ ಹಾಕಿದ. ಹೆರೆದ ಮಣ್ಣು ಪಕ್ಕಕ್ಕೆ ಸೋರಿಹೋಗದಂತೆ ಬ್ಲೇಡಿನ ಎರಡು ತುದಿಗೂ ಗೋಡೆಯಂತೆ ತಗಡು ಬೆಸೆದ. ಈ ಕೊನೆಯದು ಅವನದೇ ಬುದ್ಧಿ. ಅಕ್ಕ ಅದರಲ್ಲಿ ಹುಳುಕು ಹುಡುಕಲಿಲ್ಲ, ಅದೇ ಅವನಿಗೆ ಬಹುಮಾನ.

ಬ್ಲೇಡನ್ನು ಸಮವಾಗಿ ಕೂರಿಸುವ ಕೆಲಸ ಪೂರ್ತಿ ಅವಳದು. ಅಂಗಡಿಯ ಸಿಮೆಂಟು ನೆಲದ ಮೇಲೆ ಬ್ಲೇಡು ಇಳಿಸಿ, ಕೆನ್ನೆ ನೆಲಕ್ಕೆ ಒತ್ತಿ ಮಲಗಿ ಅಂಚಿನ ಕೆಳಗೆ ಬೆಳಕು ಇಣುಕುತ್ತದೆಯೇ ಎಂದು ನೋಡಿದಳು. ಬಲಗಡೆ ಕಡ್ಡಿ ತೂರುವಷ್ಟು ಸಂದಿತ್ತು. ಎದ್ದು, ಬ್ಲೇಡನ್ನು ಎತ್ತುವ ಟ್ರ್ಯಾಕ್ಟರಿನ ಬಲತೋಳಿನ ಹಿಡಿಯನ್ನು ಒಂದು ಸುತ್ತು ತಿರುಗಿಸಿ ಮತ್ತೆ ಮಲಗಿದಳು. ಮತ್ತೆ ಎದ್ದಳು. ಎಷ್ಟು ಸಲ ಹೀಗೆ ಎದ್ದು ಮಲಗಿದಳೋ, ಕಿಟಕಿಯ ಸರಳು ಮಾಡಿಸಲು ಬಂದಿದ್ದ ಗಿರಾಕಿ ಇದೇನೋ ವ್ಯಾಯಾಮವೆಂದುಕೊಂಡ. ಬೆಳಕು ಎಲ್ಲಿಯೂ ಕಾಣದಾದಾಗ ಮೈ ಕೊಡವಿಕೊಂಡು, "ಹೂಂ" ಎಂದಳು.

ಇಟ್ಟಿಗೆ ಅಂಗಳಕ್ಕೆ ತಮ್ಮನೂ ಹೋದ. ಅವಳು ಮೊದಲು ಉದ್ದಕ್ಕೆ ಎಳೆದಳು, ಆಮೇಲೆ ಅಡ್ಡಕ್ಕೆ, ಕೊನೆಗೆ ಮೂಲೆಯಿಂದ ಮೂಲೆಗೆ. ಮೂತಿ ಕುಣಿದರೂ ಹಿಂದಿನ ಬ್ಲೇಡು ತೊಟ್ಟಿಲಲ್ಲಿ ಮಲಗಿದ ಮಗುವಿನ ಹಾಗೆ ನೆಮ್ಮದಿಯಾಗಿ ಬಂತು. ಉಬ್ಬಿನ ಮಣ್ಣನ್ನು ತಗಡುಗಳ ನಡುವೆ ತುಂಬಿಕೊಂಡು ಹೋಗಿ ತಗ್ಗು ಸಿಕ್ಕಲ್ಲಿ ಸುರಿಯಿತು. ಅವಳು ಹಿಂದೆ ತಿರುಗಿ ನೋಡಿದ್ದೇ ಕಡಿಮೆ. ಕೂತ ಸೀಟಿನಿಂದಲೇ ನೆಲ ಅವಳಿಗೆ ತಿಳಿಯುತ್ತಿತ್ತು.

ಯಜಮಾನ ಹಲಗೆ ತಂದ. ಹಲಗೆಯ ಕೆಳಗೆ ಒಣಹುಲ್ಲಿನ ಕಡ್ಡಿ ತೂರಿಸಲು ನೋಡಿದ, ತೂರಲಿಲ್ಲ. ಜಾಗ ಬದಲಿಸಿ ಬದಲಿಸಿ ನೋಡಿದ. ದೂರದ ಮೂಲೆಯಲ್ಲಿ ಕಡ್ಡಿ ಒಳಗೆ ಹೋಯಿತು. ಅವನು ಬಾಯಿ ತೆರೆಯುವ ಮೊದಲೇ ಅಕ್ಕ ಅತ್ತ ಟ್ರ್ಯಾಕ್ಟರು ತಿರುಗಿಸಿಯಾಗಿತ್ತು.

"ಇರ್ಲಿ ಬಿಡಿ ಅಕ್ಕಾ, ಅಷ್ಟು ಸಾಕು," ಎಂದ.

"ನಿಮಗೆ ಸಾಕು," ಎಂದಳು, ಎಂಜಿನ್ನಿನ ಸದ್ದಿನ ಮೇಲೆ.

ಹಸಿ ಇಟ್ಟಿಗೆ ಹಾಸುವ ಆ ಹಿರಿಯ ಹೆಂಗಸು ಚಪ್ಪಲಿ ಬಿಟ್ಟು ಅಂಗಳದ ನಡುವಿನವರೆಗೆ ಬರಿಗಾಲಲ್ಲಿ ನಡೆದು ಹೋದಳು. ಅಲ್ಲೇ ನಿಂತು, "ಬಗ್ಗಿ ಬಗ್ಗಿ ಇಡೋ ನಮ್ಮ ಸೊಂಟಕ್ಕೆ ಇವತ್ತು ಯಾರೋ ಔಷಧಿ ಕೊಟ್ಟ ಹಾಗಾಯ್ತು" ಎಂದಳು. ಈ ಸಲ ಯಾರೂ ನಗಲಿಲ್ಲ. ಅಕ್ಕ ಮುಖ ತಿರುಗಿಸಿಕೊಂಡು ಸರಪಳಿಯನ್ನು ಸುಮ್ಮನೆ ಒರೆಸಿದ್ದನ್ನು ತಮ್ಮ ನೋಡಿದ.

ಆಮೇಲೆ ಬೇರೆ ಇಟ್ಟಿಗೆ ಗೂಡಿನವರು ಕರೆದರು, ಶಾಲೆಯ ಮೈದಾನ ಬಂತು, ಧಾನ್ಯ ಒಣಗಿಸುವ ಕಣಗಳು ಬಂದವು. ಬೇರೆ ಟ್ರ್ಯಾಕ್ಟರಿನವರು ಕದ್ದು ಮುಚ್ಚಿ ದಾರ ಹಿಡಿದು ಚೌಕಟ್ಟು ಅಳೆಯಲು ಬಂದರೆ ಅವಳೇ ಕರೆದು, ತಳ್ಳುಗಾಡಿಯ ಗಾಲಿ ಹಾಕಬೇಡಿ ಎಂದು ಮೊದಲು ಹೇಳುತ್ತಾಳೆ. ತಮ್ಮನ ಅಂಗಡಿಯ ಮುಂದೆ ಈಗ ಅಂಥ ಚೌಕಟ್ಟುಗಳು ಸಾಲಾಗಿ ಒರಗಿ ನಿಂತಿರುತ್ತವೆ. ಇದು ಯಾರ ತಲೆ ಎಂದು ಕೇಳಿದವರಿಗೆ ಅವನು, "ಬೆಸುಗೆ ಮಾತ್ರ ನಂದು" ಎನ್ನುತ್ತಾನೆ.

ಅವಳ ಕೆಲಸ ಹತ್ತಿರದಲ್ಲೆಲ್ಲೋ ಇದ್ದರೆ ಅವನು ಅಂಗಡಿ ಬಿಟ್ಟು ನೋಡಲು ಹೋಗುವುದುಂಟು. ಸುಮ್ಮನೆ ಬಂದೆ ಎನ್ನಲು ಸಂಕೋಚ; ಹಾಗಾಗಿ ಜೇಬಿನಲ್ಲಿ ಬ್ಲೇಡು ಸಿಕ್ಕಿಸುವ ಕಬ್ಬಿಣದ ಪಿನ್ನೊಂದನ್ನು ಇಟ್ಟುಕೊಂಡಿರುತ್ತಾನೆ. ಮೊನ್ನೆ ಮೈದಾನದ ಅಂಚಿನಲ್ಲಿ ನಿಂತು, ದೂಳಿನ ನಡುವೆ ನೆಟ್ಟಗೆ ಕೂತು ಬರುತ್ತಿದ್ದ ಅಕ್ಕನನ್ನು ಬಹಳ ಹೊತ್ತು ನೋಡಿದ. ಅವಳು ಹತ್ತಿರ ಬಂದು ಎಂಜಿನ್ನಿನ ಸದ್ದು ಇಳಿಸಿದಳು.

"ಏನೋ ಬಂದೆ?"

"ಪಿನ್ನು ಬೇಕಾಗಬಹುದು ಅಂತ."

"ಹೂಂ, ಬೇಕು ಬೇಕು," ಎಂದು ಅವಳು ನಕ್ಕಳು. "ಅಲ್ಲಿ ಆ ಕಲ್ಲು ಕಾಣ್ತಿದೆಯಲ್ಲ, ನಿಂತೋನು ಅದನ್ನ ಎತ್ತಿ ಆಚೆ ಹಾಕು."

ಅವನು ಕಲ್ಲೆತ್ತಲು ಹೋದ.