ಲೋಟದ ಮೇಡಂ

ಟೀಚರಾಗಲು ಬಂದವರಿಗೆ ಪಾಠ ಹೇಳುವ ಆ ಕಾಲೇಜಿನಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಲೋಟದ ಮೇಡಂ ಎಂದೇ. ಮಕ್ಕಳು ಪ್ರಪಂಚವನ್ನು ಹೇಗೆ ನೋಡುತ್ತಾರೆಂದು ತೋರಿಸಲು ಅವರು ಪ್ರತಿ ವರ್ಷ ಒಂದೇ ಅಳತೆಯ ಎರಡು ಲೋಟ ನೀರು ಇಡುತ್ತಿದ್ದರು. ಒಂದರ ನೀರನ್ನು ಉದ್ದನೆಯ ಸಪೂರ ಲೋಟಕ್ಕೆ ಸುರಿದು, ಈಗ ಯಾವುದರಲ್ಲಿ ಜಾಸ್ತಿ ಎಂದು ಒಂದು ಮಗುವನ್ನು ಕೇಳುವುದು. ನೀರು ಅಷ್ಟೇ ಇದ್ದರೂ ಚಿಕ್ಕ ಮಕ್ಕಳು ಹಿಂದೆಮುಂದೆ ನೋಡದೆ ಉದ್ದ ಲೋಟ ತೋರಿಸುತ್ತಾರೆ.

ಈ ಸಲ ಮಗು ಸಿಗಲಿಲ್ಲವೆಂದು ಮೇಡಂ ಮಗಳ ಮಗಳನ್ನೇ ಕರೆತಂದರು. ಅರಳು ಹುರಿದಂತೆ ಮಾತಾಡುವ ಹುಡುಗಿ. ಆಕಾಶದ ಚಂದ್ರ ನಮ್ಮ ಜೊತೆಗೇ ಬರುತ್ತಾನೆ, ಟಿಕೆಟ್ ಮಾತ್ರ ತಗೊಳ್ಳಲ್ಲ ಎಂದು ಬಸ್ ಕಂಡಕ್ಟರಿಗೇ ದೂರು ಕೊಟ್ಟವಳು.

"ಇದರಲ್ಲಿ ಜಾಸ್ತಿ!" ಎಂದು ಉದ್ದ ಲೋಟ ಮುಟ್ಟಿದಳು. ತರಗತಿ ಘೊಳ್ಳೆಂದು ನಕ್ಕಿತು. ಪಾಠ ಇಷ್ಟು ಚೆನ್ನಾಗಿ ಆಯಿತಲ್ಲ ಎಂಬ ಹಿಗ್ಗಿನಲ್ಲಿ ಅಜ್ಜಿಯೂ ನಕ್ಕರು. ಮಗು ಒಬ್ಬೊಬ್ಬರ ಮುಖ ನೋಡಿ, ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಿತು. ಅದು ಅಜ್ಜಿಯ ಕಣ್ಣಿಗೆ ಬಿತ್ತು. ಆದರೂ ಪಾಠ ಮುಂದುವರಿಸಿದರು.

ಅಂದಿನಿಂದ ಮನೆಯಲ್ಲಿ ಚಂದ್ರನ ಸುದ್ದಿ ನಿಂತಿತು. ಯಾವ ಫ್ರಾಕ್ ಹಾಕಲಿ ಎಂದರೆ, "ನೀನೇ ಹೇಳಜ್ಜಿ." ಹಸಿವಾಯಿತಾ ಎಂದರೂ ಅದೇ.

"ಎಷ್ಟು ಜಾಣೆ ಆಗ್ಬಿಟ್ಲು ನೋಡಮ್ಮ, ಒಂದು ತರಲೆ ಇಲ್ಲ!" ಎಂದು ಮಗಳು ಬೀಗಿದಳು.

ಊರಿಗೆಲ್ಲ ಟೀಚರುಗಳನ್ನು ತಯಾರು ಮಾಡಿ, ಮನೆಯ ಮಗುವಿನ ಬಾಯಿಗೇ ಬೀಗ ಜಡಿದೆನಲ್ಲ ಎಂದು ಅಜ್ಜಿ ಸಂಕಟಪಟ್ಟರು.

ಮುಂದಿನ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಮೇಡಂ, ಇವತ್ತು ಪುಟ್ಟಿ ಬರಲ್ವಾ? ಎಷ್ಟು ಮಜಾ ಇತ್ತು!"

"ಬರಲ್ಲ ಕಣಮ್ಮ. ಅವಳಿಗೆ ಲೋಟ ಹೇಗೆ ಕಾಣುತ್ತೆ ಅಂತ ದೊಡ್ಡದಾಗಿ ಪಾಠ ಮಾಡ್ದೆ. ನಗ್ತಿದ್ದ ನಾವು ಅವಳಿಗೆ ಹೇಗೆ ಕಂಡ್ವಿ ಅಂತ ಯೋಚಿಸೋ ಗೋಜಿಗೇ ಹೋಗಲಿಲ್ಲ. ನಾನು ನಗದೇ ಇದ್ದಿದ್ರೆ ನೀವೂ ಸುಮ್ಮನಾಗ್ತಿದ್ರಿ. ತಪ್ಪು ನನ್ನದೇ."

ಮೇಡಂ ಲೋಟಗಳನ್ನು ಚೀಲಕ್ಕೆ ಹಾಕಿಕೊಂಡರು.

ಸಂಜೆ ಅಡುಗೆಮನೆಯ ನೆಲದ ಮೇಲೆ ಅದೇ ಲೋಟಗಳನ್ನಿಟ್ಟು, ನೀರು ಸುರಿದು, ಮೊಮ್ಮಗಳ ಎದುರು ಕೂತರು.

"ಅವತ್ತು ನಿನ್ನ ನೋಡಿ ನಕ್ಕಿದ್ದು ಅಜ್ಜಿ ತಪ್ಪು, ಕಂದ. ನಿನಗೆ ಕಂಡಿದ್ದನ್ನ ನೀನು ಹೇಳಿದ್ದೆ, ಅಷ್ಟೇ. ಈಗ ಹೇಳು, ಯಾವುದರಲ್ಲಿ ಜಾಸ್ತಿ ಕಾಣ್ತಿದೆ? ಯಾರೂ ನಗಲ್ಲ."

ನಗು ಬಾರದಂತೆ ಅವರು ಮುಖ ಬಿಗಿಹಿಡಿದರು. ಮಗು ಲೋಟಗಳ ಕಡೆ ತಿರುಗಿಯೂ ನೋಡಲಿಲ್ಲ. ಅಜ್ಜಿಯ ತುಟಿ ಎಲ್ಲಿ ಅಲುಗುತ್ತದೋ ಎಂದು ಅದನ್ನೇ ನೋಡುತ್ತಾ ಕೂತಿತು.