ನವಿಲುಗರಿಯ ನೊಣ

ಹೋದ ವಾರ ಚಳಿಗಾಲದ ಜಾಕೆಟ್ಟನ್ನು ಒಗೆಯಲು ಹಾಕುವ ಮುನ್ನ ಜೇಬಿಗೆ ಕೈ ಹಾಕಿದೆ. ಬೆರಳಿಗೆ ಏನೋ ಚುಚ್ಚಿತು. ತೆಗೆದು ನೋಡಿದರೆ, ಹಿಂದೆ ನಮ್ಮ ಪಕ್ಕದ ಮನೆಯಲ್ಲಿದ್ದ ಡಾಕ್ಟರ್ ಅಂಕಲ್ ಕಟ್ಟಿಕೊಟ್ಟ ನೊಣ! ಗಾಬರಿಯಾಗಬೇಡಿ. ಅಕ್ಕಿಕಾಳಿನಷ್ಟು ಗಾಳಕ್ಕೆ ನವಿಲುಗರಿಯ ಎಳೆ ಸುತ್ತಿ, ಮೀನಿಗೆ ಹುಳುವೆಂದು ನಂಬಿಸುವ ಹುಸಿನೊಣ ಅದು. ಗರಿ ಎಲ್ಲಿಯದು ಅಂತೀರಾ? ಆಂಟಿಯ ದೇವರ ಮನೆಯ ಕೃಷ್ಣನದು. ವರ್ಷದಿಂದ ವರ್ಷಕ್ಕೆ ಕೃಷ್ಣ ಬೋಳಾಗುತ್ತಾ ಬಂದ. “ಎಲ್ಲಾರ ಮನ್ಯಾಗ ನೊಣ ಹೊಡೀತಾರ, ನಮ್ಮನ್ಯಾಗ ಕಟ್ತಾರ,” ಎಂದು ಧಾರವಾಡದ ಆ ತಾಯಿ ನನ್ನ ಬಳಿ ದೂರುತ್ತಿದ್ದರು.

ಅಂಕಲ್ ಮೊಟ್ಟೆಯನ್ನೂ ಮುಟ್ಟದವರು. ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ, ಸಿಕ್ಕ ಟ್ರೌಟ್ ಮೀನನ್ನು ನೀರೊಳಗೇ ಬಿಡಿಸಿ ಕಳಿಸುತ್ತಿದ್ದರು. ಹಾಗಾದರೆ ಹಿಡಿಯುವುದಾದರೂ ಏಕೆ ಎಂದು ಒಮ್ಮೆ ಕೇಳಿದ್ದೆ. ಸುಮ್ಮನೆ ಮಾತಾಡಿಸಿ ಬರುವುದಕ್ಕೆ ಎಂದಿದ್ದರು.

ಮಾರ್ಚಿನಲ್ಲಿ ಸೆಕೆಯ ಊರಾದ ಲೂಯಿಸ್‌ವಿಲ್‌ನ ನಾವು ಎಸಿ ಹಾಕಿಕೊಳ್ಳುವ ಹೊತ್ತಿಗೆ, ನ್ಯೂ ಮೆಕ್ಸಿಕೋದ ಬೆಟ್ಟದ ಮೇಲೆ ಅಂಕಲ್ ಜೊತೆ ನಾನು ಪ್ರತಿ ವರ್ಷ ಹೋಗುತ್ತಿದ್ದ ಹೊಳೆಯನ್ನು ಚಳಿ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ. ದಿನವಿಡೀ ಡ್ರೈವ್ ಮಾಡುವುದು ನಾನು, ಚಪಾತಿ ಚಟ್ನಿಪುಡಿ ಅವರದು. ಮುಂಜಾನೆ ಗಾಳದ ಕೋಲಿನ ಮೇಲೆ ದಾರ ಹಾಯುವ ಬಳೆಗಳಲ್ಲಿ ಐಸ್ ಕಟ್ಟಿ ದಾರವೇ ಓಡುವುದಿಲ್ಲ. ಮೀನುಗಳು ಆಳದಲ್ಲಿ ಅಲ್ಲಾಡದೆ ಬಿದ್ದಿರುತ್ತವೆ. ಹನ್ನೊಂದರ ಬಿಸಿಲು ನೀರಿಗೆ ತಾಗಿದ ಮೇಲೆ ಎರಡು ಮೂರು ಗಂಟೆ ನಮ್ಮ ಕಾಲ. ಆಮೇಲೆ ಮೇಲಿನ ಹಿಮ ಕರಗಿ ಹೊಳೆ ಕದಡುತ್ತದೆ. “ನೀರು ಚಹಾ ಆತು, ನಡಿ,” ಎಂದು ಅಂಕಲ್ ದಡ ಹತ್ತುತ್ತಿದ್ದರು. ನಾಲ್ಕು ವರ್ಷದಲ್ಲಿ ನಾನು ಹಿಡಿದದ್ದು ನೆಗಡಿಯೊಂದನ್ನೇ. ಆದರೂ ಅಷ್ಟು ಖುಷಿಯಾಗಿ ನಾನು ಬೇರೆಲ್ಲೂ ಇರಲಿಲ್ಲ.

ಆಮೇಲೆ ಮೊಣಕಾಲಿನ ಆಪರೇಶನ್ ಆಗಿ, ಅಂಕಲ್ ಆಂಟಿ ಇಬ್ಬರೂ ದ ವುಡ್‌ಲ್ಯಾಂಡ್ಸ್ ಎಂಬ ಊರಿನಲ್ಲಿರುವ ಮಗಳ ಮನೆಯ ಹತ್ತಿರಕ್ಕೆ ಶಿಫ್ಟ್ ಆದರು. ಜಾರುಗಲ್ಲಿನ ಹೊಳೆಗಿಳಿಯುವುದು ಅವರಿಗೆ ಅಲ್ಲಿಗೆ ಮುಗಿಯಿತು. ಆದರೆ ಮಾರ್ಚ್ ಬಂದರೆ ಫೋನು: “ಹೊಳಿ ಹ್ಯಾಂಗದ?” ಮೊದಲ ವರ್ಷ ಒಬ್ಬನೇ ಹೋಗಿ ಬಂದು ಹೇಳಿದೆ. ಎರಡನೇ ವರ್ಷ ಆಫೀಸಿನಿಂದ ಪುರುಸೊತ್ತು ಸಿಗಲಿಲ್ಲ. ಅವರಿಗೆ ಬೇಜಾರಾಗಬಾರದೆಂದು ನೆಟ್‌ನಲ್ಲಿ ಒಂದಿಷ್ಟು ಓದಿಕೊಂಡು, ಬೆಳಗ್ಗೆ ಏಳಕ್ಕೇ ನೀರಿಗಿಳಿದೆ ಎಂದು ಬೊಗಳೆ ಬಿಟ್ಟೆ.

“ಬೆರಳು ಹ್ಯಾಂಗಿದ್ವು?”

“ಏನೂ ತೊಂದ್ರೆ ಆಗ್ಲಿಲ್ಲ ಅಂಕಲ್.”

ಅಂಕಲ್ ಊಟವಾಯಿತೇ ಎಂದು ವಿಚಾರಿಸಿ ಫೋನಿಟ್ಟರು. ಆ ಹೊತ್ತಿನಲ್ಲಿ ಆ ನೀರಿಗಿಳಿದವನ ಬೆರಳು ಚಳಿಗೆ ಮರಗಟ್ಟಿ ಅವನ ಮಾತು ಕೇಳುವುದಿಲ್ಲ ಎಂಬುದು ನನಗೆ ಹೊಳೆಯುವಷ್ಟರಲ್ಲಿ ತಡವಾಗಿತ್ತು.

ಮುಂದಿನ ಎರಡು ಮಾರ್ಚಿನಲ್ಲೂ ಅವರ ಫೋನು ಬಂತು. ಯುಗಾದಿಯ ಶುಭಾಶಯ ಬಂತು, ನನ್ನ ಬಿಪಿಯ ವಿಚಾರಣೆ ಬಂತು, ಆ ಒಂದು ಪ್ರಶ್ನೆ ಮಾತ್ರ ಬರಲಿಲ್ಲ. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು. ನಾನಾಗಿಯೇ ಬಾಯಿ ಬಿಡಲು ನಾಚಿಕೆ. ನಾನೂ ಹೊಳೆಯ ಕಡೆ ತಲೆ ಹಾಕಲಿಲ್ಲ. ನಿಜ ಹೇಳುತ್ತೇನೆ, ಹೊಳೆಗಿಂತ ಹೆಚ್ಚಾಗಿ ಆ ಪ್ರಶ್ನೆಗಾಗಿ ಹಂಬಲಿಸಿದ್ದೇನೆ.

ನೊಣ ಸಿಕ್ಕ ಮರುದಿನ ರಜೆ ಹಾಕಿದೆ. ಇದನ್ನು ಬರೆಯುತ್ತಿರುವುದು ಹೊಳೆಯ ದಡದಲ್ಲಿ, ಕಾರಿನ ಹೀಟರ್ ಮುಂದೆ. ಬೆಳಗ್ಗೆ ಏಳಕ್ಕೇ ಇಳಿದಿದ್ದೆ, ಈ ಸಲ ನಿಜವಾಗಿ. ಮೀನು ಸಿಗಲಿಲ್ಲ. ದಡಕ್ಕೆ ಬಂದು ಫೋನ್ ಒತ್ತಿದರೆ ಎರಡು ಸಾರಿ ಇನ್ಯಾರಿಗೋ ಹೋಯಿತು. ಮೂರನೆಯ ಸಲ ಅಂಕಲ್ ಎತ್ತಿದರು.

“ಅಂಕಲ್, ಅವತ್ತು ನಾನು ಹೋಗಿರ್ಲಿಲ್ಲ. ಇವತ್ತು ಬಂದಿದೀನಿ. ಬೆರಳು ಆಡ್ತಾ ಇಲ್ಲ.”

ಆ ಕಡೆ ಅವರು ಕುರ್ಚಿ ಎಳೆದುಕೊಂಡು ಕೂತದ್ದು ಕೇಳಿಸಿತು.

“ಈಗ ಹೇಳು. ಹೊಳಿ ಹ್ಯಾಂಗದ?”