ಅಪ್ಪನ ಮುಖ ಹುಡುಕುವ ಕೈ

ಆ ಭಾನುವಾರ ನಾನೂ ನನ್ನ ಗಂಡನೂ ಮಗಳನ್ನು ಹೊಳಲ್ಕೆರೆಯಿಂದ ಚಿತ್ರದುರ್ಗದ ವಸತಿ ಶಾಲೆಗೆ ಬಿಡಲು ಹೋದೆವು. ಅವಳಿಗೆ ಕಣ್ಣು ಕಾಣದು, ಕಿವಿ ಕೇಳದು. ಎಲ್ಲರನ್ನೂ ಮುಟ್ಟಿಯೇ ಗುರುತಿಸುತ್ತಾಳೆ. ನಾವು ವಾಪಸ್ ಹೊರಡುವಾಗ ಎಂದಿನಂತೆ ಅಪ್ಪನ ಮೀಸೆ ಎಳೆದಳು.

“ಬಿಡೇ ತಾಯಿ, ಇರಾದೇ ನಾಕು ಕೂದ್ಲು!” ಎಂದು ಅವರು ನಕ್ಕರು.

ಮರುದಿನ ಹೃದಯಾಘಾತವಾಗಿ ಅವರು ತೀರಿಕೊಂಡರು. ಮಗಳನ್ನು ಕರೆತರಲು ಹೊರಟ ನನ್ನನ್ನು ಮೈದುನ ತಡೆದ.

“ಅವಳಿಗೇನು ತಿಳಿತೈತೆ ಅತ್ತಿಗೆ? ಹೆಣ ಮುಟ್ಟಿ ಹೆದ್ರಿಕೊಂಡ್ರೆ? ಬ್ಯಾಡ ಬಿಡ್ರಿ.”

ಅವಳಿಲ್ಲದೆಯೇ ಮಣ್ಣು ಮಾಡಿದರು.

ಈಗ, ಅಪ್ಪ ನೋಡಲು ಬರುತ್ತಿದ್ದ ಭಾನುವಾರ ಬಂದರೆ, ಅವಳು ಶಾಲೆಯ ಗೇಟಿನಲ್ಲಿ ನಿಂತು ಬಂದ ಗಂಡಸರ ಮುಖವನ್ನೆಲ್ಲ ತಡವುತ್ತಾಳೆ. ನನ್ನ ಕೈಯನ್ನು ತಳ್ಳುತ್ತಾಳೆ. ಊಟ ಬಿಟ್ಟಿದ್ದಾಳೆ. ನೀರು, ಅನ್ನ, ಮನೆ ಎಂದು ಅವಳ ಅಂಗೈಯಲ್ಲಿ ಗುರುತು ಮಾಡಿ ಹೇಳಬಹುದು. ಅಪ್ಪ ಇನ್ನು ಬರುವುದಿಲ್ಲ ಎಂದು ಹೇಳುವ ಗುರುತು ನನಗೂ ಟೀಚರಿಗೂ ಇನ್ನೂ ಸಿಕ್ಕಿಲ್ಲ.